ಬಾಯಲ್ಲಿ ಹೇಳಿದರೆ ಕರೆ ಹೋಗುತ್ತದೆ, ಮೆಸೇಜ್ ಯಾಕೆ ಹೋಗಲ್ಲ?

ಪುಣೆಯಲ್ಲಿರುವ ನಿಮ್ಮ ಅಮ್ಮನಿಗೆ ಕಣ್ಣು ಮಂಜು. ಅವರ ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಅಸಿಸ್ಟೆಂಟ್‌ಗೆ ಹೇಳಿದರೆ ಕರೆ ಹೋಗುತ್ತದೆ, ಎಸ್ಸೆಮ್ಮೆಸ್ ಮಾತ್ರ ಹೋಗುವುದಿಲ್ಲ ಅಂತ ಕೇಳಿದ್ದೀರಿ. ನಾನು ಡೊಂಬಿವಲಿಯವಳು. ನಮ್ಮ ಅಪ್ಪನಿಗೂ ಹೀಗೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಮ್ಮನ ಕೈಯಲ್ಲಿ ಒಂದು ಮೆಸೇಜ್ ಹೇಳಿಸಿ, ಆಮೇಲೆ ಮೆಸೇಜ್ ಆ್ಯಪ್ ತೆರೆದು ನೋಡಿ. ಅಲ್ಲಿ ಆ ಮೆಸೇಜ್ ಕಾಣಿಸುತ್ತದೆಯೇ? ಎಲ್ಲವೂ ಇದರ ಮೇಲೆ ನಿಂತಿದೆ. ಅಸಿಸ್ಟೆಂಟ್ ಮಾತು ಕೇಳಿಸಿಕೊಂಡು ಮೆಸೇಜಾಗಿ ದಾಟಿಸುತ್ತದೆ ಅಷ್ಟೇ. ಮುಂದೆ ಕಳಿಸುವುದು ಸಿಮ್ಮಿನ ಕೆಲಸ.

ಕಾಣಿಸದಿದ್ದರೆ ಮೆಸೇಜ್ ಕಳಿಸಲು ಅಸಿಸ್ಟೆಂಟ್‌ಗೆ ಅನುಮತಿ ಇಲ್ಲದಿರಬಹುದು. ಹೆಸರು ಹೇಳಿದರೆ ಕರೆ ಹೋಗುತ್ತಿದೆ ಅಂದಮೇಲೆ ಕಾಂಟ್ಯಾಕ್ಟ್ಸ್ ಅನುಮತಿ ಇದ್ದೇ ಇರುತ್ತದೆ. ಎಸ್ಸೆಮ್ಮೆಸ್‌ಗೆ ಬೇರೆ ಅನುಮತಿ ಬೇಕು. ಸೆಟ್ಟಿಂಗ್ಸ್, ಆ್ಯಪ್ಸ್, ಗೂಗಲ್, ಪರ್ಮಿಷನ್ಸ್ ಎಂದು ಹೋಗಿ ಎಸ್ಸೆಮ್ಮೆಸ್ ಮುಟ್ಟಿ ‘ಅಲೋ’ ಮಾಡಿ. ಫೋನಿನಲ್ಲಿ ಅಸಿಸ್ಟೆಂಟ್ ಬದಲು ಗೂಗಲ್‌ನದೇ ಹೊಸ ಸಹಾಯಕ ಜೆಮಿನಿ ಬಂದಿದ್ದರೆ ಅದರೊಳಗೆ ಮೆಸೇಜ್ ಆ್ಯಪ್ ಜೋಡಿಸಿದೆಯೇ ಅಂತಲೂ ನೋಡಿ.

ಕಾಣಿಸಿದರೆ, ಆದರೆ ಪಕ್ಕದಲ್ಲಿ ‘ಹೋಗಿಲ್ಲ’ ಅಂತ ಗುರುತಿದ್ದರೆ, ಅಪ್ಪನ ಕಥೆಯೇ ನಿಮ್ಮದೂ. ಅವರು ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಕಾರ್ಯಕ್ರಮಕ್ಕೆ ಹೋಗಿದ್ದರು. ವಾಪಸು ಬರುವಾಗ ‘ಲೋಕಲ್ ಹತ್ತಿದೆ’ ಅಂತ ನನಗೆ ಮೆಸೇಜ್ ಹೇಳಿದರು. ಕಳಿಸಿದೆ ಅಂತ ಫೋನ್ ಉತ್ತರವೂ ಕೊಟ್ಟಿತಂತೆ. ನನಗೆ ಏನೂ ಬರಲಿಲ್ಲ. ರಾತ್ರಿ ಹತ್ತರವರೆಗೆ ಬಾಲ್ಕನಿಯಲ್ಲೇ ನಿಂತಿದ್ದೆ. ಅಪ್ಪ ಮನೆಗೆ ಬಂದಮೇಲೆ ಫೋನ್ ತೆರೆದು ನೋಡಿದರೆ ಏಳು ಮೆಸೇಜ್, ಏಳರ ಪಕ್ಕದಲ್ಲೂ ಕೆಂಪು ಗುರುತು.

ನಮ್ಮಲ್ಲಿ ಎಷ್ಟೋ ಜನರಂತೆ ಅಪ್ಪನ ಫೋನಿನಲ್ಲೂ ಎರಡು ಸಿಮ್. ಒಂದು ಮುಂಬೈದು, ಇನ್ನೊಂದು ಊರಿನದು. ಊರಿನ ಸಿಮ್ ಬ್ಯಾಂಕಿನ ಒಟಿಪಿಗಾಗಿ ಸುಮ್ನೆ ಇಟ್ಟುಕೊಂಡದ್ದು, ರೀಚಾರ್ಜ್ ಮುಗಿದು ತಿಂಗಳಾಗಿತ್ತು. ಕರೆಗೆ ಮುಂಬೈ ಸಿಮ್ ಇತ್ತು, ಎಸ್ಸೆಮ್ಮೆಸ್‌ಗೆ ಮಾತ್ರ ಊರಿನದು ಸೆಟ್ ಆಗಿತ್ತು! ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಂತಿರುವ ಕಡೆ ಹೋಗಿ ಎಸ್ಸೆಮ್ಮೆಸ್‌ಗೆ ರೀಚಾರ್ಜ್ ಇರುವ ಸಿಮ್ ಆರಿಸಿ. ‘ಪ್ರತಿ ಸಲ ಕೇಳು’ ಅಂತ ಬಿಡಬೇಡಿ. ಯಾವ ಸಿಮ್ ಅಂತ ಪರದೆ ಮೇಲೆ ಕೇಳಿದರೆ ಅಮ್ಮನಿಗೆ ಕಾಣಿಸಬೇಕಲ್ವಾ? ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇದೆಯೇ ಅಂತಲೂ ನೋಡಿಕೊಳ್ಳಿ.

ಇನ್ನೊಂದು ವಿಷಯ. ಕನ್ನಡ ಲಿಪಿಯಲ್ಲಿ ಹೋಗುವ ಎಸ್ಸೆಮ್ಮೆಸ್‌ಗೆ 70 ಅಕ್ಷರ ಮಾತ್ರ, ಇಂಗ್ಲಿಷಿನಲ್ಲಾದರೆ 160. ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. ಉದ್ದ ಹೇಳಿದರೆ ಒಂದು ಮೆಸೇಜಿಗೆ ಎರಡು ಮೂರರ ದುಡ್ಡು ಹೋಗಬಹುದು. ಅಮ್ಮನಿಗೆ ಚಿಕ್ಕದಾಗಿ ಹೇಳಲು ತಿಳಿಸಿ.

ಇಷ್ಟು ಮಾಡಿದ ಮೇಲೂ ಆಗದಿದ್ದರೆ, ಅಮ್ಮ ಏನು ಹೇಳಿದರು, ಫೋನ್ ಏನು ಉತ್ತರ ಕೊಟ್ಟಿತು, ಅದನ್ನು ಇದ್ದ ಹಾಗೆಯೇ ಬರೆದು ಹಾಕಿ. ನಾನು ನೋಡುತ್ತೇನೆ.