ಸಂಬಳದಲ್ಲಿ ಹಿಡಿದ 401ಕೆ ದುಡ್ಡು ಯಾರದ್ದು?

ಡಲ್ಲಾಸ್‌ಗೆ ಬಂದು ಎರಡು ತಿಂಗಳಾಗಿದೆ, ಚಿಕ್ಕ ಕನ್ಸಲ್ಟೆನ್ಸಿ, ಸಂಬಳದಲ್ಲಿ 401ಕೆ (ಕಂಪನಿ ಮೂಲಕ ಮಾಡುವ ನಿವೃತ್ತಿ ಉಳಿತಾಯ) ಅಂತ ಹಿಡಿಯುತ್ತಿದ್ದಾರೆ, ನಾಳೆ ಕಂಪನಿ ಬಾಗಿಲು ಹಾಕಿದರೆ ಅಥವಾ ನನ್ನ ಎಚ್-1ಬಿ ಕೆಲಸದ ವೀಸಾ ಮುಗಿದರೆ ಆ ದುಡ್ಡಿನ ಗತಿ ಏನು ಎಂದು ಕೇಳಿದ್ದೀರಿ. ಊರಲ್ಲಿ ಪಿಎಫ್ ಇದ್ದವರಿಗೆ ಈ ಅನುಮಾನ ಬರುವುದು ಸಹಜ. ಅಲ್ಲಿ ದುಡ್ಡು ಇಪಿಎಫ್‌ಒಗೆ ಹೋಗುತ್ತದೆ, ಯುಎಎನ್ ಹಾಕಿದರೆ ಪಾಸ್‌ಬುಕ್ ಕಾಣುತ್ತದೆ. ಇಲ್ಲಿ 401ಕೆ ಕೊಡಲೇಬೇಕು ಎಂದು ಫೆಡರಲ್ ಕಾನೂನು ಯಾವ ಖಾಸಗಿ ಕಂಪನಿಗೂ ಹೇಳುವುದಿಲ್ಲ. ಆದರೆ ಒಮ್ಮೆ ಶುರು ಮಾಡಿದರೆ ಸುಮ್ನೆ ಬಿಡುವುದೂ ಇಲ್ಲ.

ಆ ಕಾನೂನಿನ ಹೆಸರು ಎರಿಸಾ, 1974ರದ್ದು. 1963ರ ಕೊನೆಗೆ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಾರು ಕಾರ್ಖಾನೆ ನಿಂತಿತು. ಪಿಂಚಣಿ ನಿಧಿಯಲ್ಲಿ ದುಡ್ಡು ಸಾಲದೆ ಸಾವಿರಾರು ಕೆಲಸಗಾರರು ಕೈ ಸುಟ್ಟುಕೊಂಡರು. ಆ ಸಿಟ್ಟು ಕಾನೂನಾಗಲು ಹತ್ತು ವರ್ಷ ಹಿಡಿಯಿತು. ಈಗ ನಿಮ್ಮಿಂದ ಹಿಡಿದ ದುಡ್ಡು ಪ್ರತ್ಯೇಕ ಟ್ರಸ್ಟ್‌ಗೆ ಹೋಗಬೇಕು. ಅಲ್ಲಿಗೆ ಸೇರಿದ ಮೇಲೆ ಕಂಪನಿ ದಿವಾಳಿಯಾದರೂ ಅದಕ್ಕೆ ಸಾಲ ಕೊಟ್ಟವರು ಆ ದುಡ್ಡನ್ನು ಮುಟ್ಟುವಂತಿಲ್ಲ.

ಹಾಗಾಗಿ ನೀವು ಕಣ್ಣಿಡಬೇಕಾದದ್ದು ಅಲ್ಲಿಗೆ ಸೇರುವ ತಾರೀಖಿನ ಮೇಲೆ. ಸಂಬಳದಿಂದ ಬೇರೆ ಮಾಡಲು ಸಾಧ್ಯವಾದ ಕೂಡಲೇ ಕಟ್ಟಬೇಕು ಎಂಬುದು ನಿಯಮ. ಮುಂದಿನ ತಿಂಗಳ 15ನೇ ಕೆಲಸದ ದಿನವನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ. ಎಷ್ಟೋ ಕಂಪನಿಗಳು ಅದನ್ನೇ ಗಡುವು ಅಂದುಕೊಂಡು ಆರಾಮಾಗಿರುತ್ತವೆ, ಅದು ತಪ್ಪು. 401ಕೆ ಪ್ಲಾನ್‌ನಲ್ಲಿ ನೂರಕ್ಕಿಂತ ಕಡಿಮೆ ಜನರಿದ್ದರೆ, 7 ಕೆಲಸದ ದಿನಗಳೊಳಗೆ ಕಟ್ಟಿದರೆ ತಕರಾರಿಲ್ಲ.

ನನ್ನ ಗೆಳೆಯನೊಬ್ಬ ನಿಮ್ಮಂಥದ್ದೇ ಕನ್ಸಲ್ಟೆನ್ಸಿಯಲ್ಲಿದ್ದ. ಪೇ ಸ್ಟಬ್‌ನಲ್ಲಿ (ಸಂಬಳದ ಚೀಟಿಯಲ್ಲಿ) ಪ್ರತಿ ಸಲವೂ 300 ಡಾಲರ್ ಕಡಿತ ಇತ್ತು. 401ಕೆ ಖಾತೆ ತೆರೆದು ನೋಡಿದರೆ ಮಾರ್ಚ್ ಆದ ಮೇಲೆ ಒಂದು ಸಾಲೂ ಇಲ್ಲ. ಕೇಳಿದ್ದಕ್ಕೆ "ಕ್ಲೈಂಟ್ ಪೇಮೆಂಟ್ ಬರ್ಲಿ, ಹಾಕ್ತೀವಿ" ಎಂದರಂತೆ. ಕ್ಲೈಂಟ್ ಪೇಮೆಂಟಿಗೂ ಇವನ ಸಂಬಳದಲ್ಲಿ ಹಿಡಿದದ್ದಕ್ಕೂ ಏನು ಸಂಬಂಧ? ಇವನು ಕಾರ್ಮಿಕ ಇಲಾಖೆಯ ಎಬ್ಸಾ ವಿಭಾಗಕ್ಕೆ ಫೋನ್ ಮಾಡಿದ. ಅದಕ್ಕೆ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಂದ ಕಂಪನಿಗೆ ವಿಚಾರಣೆ ಹೋದ ಮೇಲೆ ಬಾಕಿ ಬಂತು, ಅಷ್ಟು ದಿನ ತಪ್ಪಿದ ಗಳಿಕೆಯನ್ನೂ ಸೇರಿಸಿ ಕೊಟ್ಟರು. ನೌಕರ ತನ್ನ ಹಕ್ಕು ಕೇಳಿದ ಎಂದು ಕೆಲಸದಿಂದ ತೆಗೆಯುವುದಕ್ಕೂ ಎರಿಸಾದಲ್ಲಿ ಅಡ್ಡಿಯಿದೆ. ವೀಸಾ ಕೈಯಲ್ಲಿಟ್ಟುಕೊಂಡವರಿಗೆ ಆದರೂ ಭಯ ಇದ್ದೇ ಇರುತ್ತದೆ, ಅಲ್ವಾ?

ನೀವು ಹಾಕಿದ್ದಕ್ಕೆ ಕಂಪನಿ ತನ್ನ ಕಡೆಯಿಂದ ಸೇರಿಸುವ ದುಡ್ಡಿನ, ಅಂದರೆ ಮ್ಯಾಚ್‌ನ, ಲೆಕ್ಕ ಬೇರೆ. ನೀವು ಹಾಕಿದ್ದು ಮೊದಲ ದಿನದಿಂದ ಪೂರ್ತಿ ನಿಮ್ಮದೇ. ಮ್ಯಾಚ್‌ಗೆ ವೆಸ್ಟಿಂಗ್ ಇರಬಹುದು, ಅಂದರೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೆಯೇ ಅದು ನಿಮ್ಮದಾಗುತ್ತದೆ. ಕೆಲವು ಕಡೆ 3 ವರ್ಷ ತುಂಬುವವರೆಗೆ ಸೊನ್ನೆ, ಆಮೇಲೆ ಪೂರ್ತಿ. ಇನ್ನು ಕೆಲವು ಕಡೆ 2 ವರ್ಷಕ್ಕೆ 20% ಎಂದು ಶುರುವಾಗಿ 6 ವರ್ಷಕ್ಕೆ ಪೂರ್ತಿ. ಇದಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. ನಿಮ್ಮಲ್ಲಿ ಹೇಗೆ ಎಂಬುದು ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಶನ್ ಎಂಬ, ಪ್ಲಾನ್‌ನ ನಿಯಮ ತಿಳಿಸುವ ಕಾಗದದಲ್ಲಿದೆ. ಪ್ಲಾನ್‌ಗೆ ಸೇರಿದ 90 ದಿನಗಳೊಳಗೆ ಅದು ನಿಮ್ಮ ಕೈಗೆ ಬರಬೇಕು. ಬರದಿದ್ದರೆ ಮೇಲ್ ಹಾಕಿ ಕೇಳಿ, ಬಾಯಿಮಾತಲ್ಲಿ ಬೇಡ. ಬರವಣಿಗೆಯಲ್ಲಿ ಕೇಳಿ 30 ದಿನ ಕಳೆದರೂ ಕೊಡದಿದ್ದರೆ ಕೋರ್ಟು ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕಬಹುದು.

ಪ್ಲಾನ್‌ನಲ್ಲಿ ನಿಮ್ಮ ದುಡ್ಡು ಹೂಡಲು ಕೊಟ್ಟಿರುವ ಫಂಡುಗಳ ಮೇಲೂ ಕಂಪನಿ ಕಣ್ಣಿಟ್ಟಿರಬೇಕು. ಒಮ್ಮೆ ಆರಿಸಿ ಕೈ ತೊಳೆದುಕೊಂಡರೆ ಆಗುವುದಿಲ್ಲ ಎಂದು ಎಡಿಸನ್ ವಿದ್ಯುತ್ ಕಂಪನಿಯ ನೌಕರರ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಆದರೆ ಮಾರ್ಕೆಟ್ ಬಿದ್ದು ದುಡ್ಡು ಕರಗಿದರೆ ಅದು ನಿಮ್ಮ ನಷ್ಟವೇ.

ಇನ್ನು ವೀಸಾ. ಅದು ಮುಗಿದರೂ ಖಾತೆ ನಿಮ್ಮದೇ, ಬೆಂಗಳೂರಿಗೆ ಹೋದರೂ ನಿಮ್ಮದೇ. ಹೊರಡುವ ಅವಸರದಲ್ಲಿ ಒಡೆಯಬೇಡಿ. 59 ವರ್ಷ 6 ತಿಂಗಳಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ಟ್ಯಾಕ್ಸ್ ಜತೆಗೆ 10% ದಂಡ. ಒಂದು ಎಚ್ಚರ: 7,000 ಡಾಲರ್‌ವರೆಗಿನ ಖಾತೆಯನ್ನು ಕೆಲಸ ಬಿಟ್ಟ ಮೇಲೆ ಕಂಪನಿ ತಾನಾಗಿಯೇ ಖಾಲಿ ಮಾಡಿಸಿ ನಿಮ್ಮ ಹೆಸರಿನ ಐಆರ್‌ಎಗೆ (ಸ್ವಂತ ನಿವೃತ್ತಿ ಖಾತೆಗೆ) ದಾಟಿಸಬಹುದು, 1,000ದೊಳಗಿದ್ದರೆ ಚೆಕ್ಕನ್ನೇ ಕಳಿಸಬಹುದು. ಆಫೀಸಿನ ಮೇಲ್ ಐಡಿ ಕೆಲಸ ಬಿಟ್ಟ ದಿನವೇ ಬಂದ್ ಆಗುತ್ತದೆ. ಆದ್ದರಿಂದ ಸ್ವಂತ ಮೇಲ್ ಐಡಿ, ಊರಿನ ವಿಳಾಸ ಎರಡನ್ನೂ ಈಗಲೇ ಖಾತೆಯಲ್ಲಿ ಹಾಕಿಡಿ.