ಸಂಬಳದಿಂದಲೇ ಮಗುವಿನ ಜೀವನಾಂಶ

ಪ್ರಶ್ನೆ: ಮಗನಿಗೆ ತಿಂಗಳಿಗೆ 8,000 ರೂ. ಕೊಡಬೇಕೆಂದು ಹಾಸನದ ನ್ಯಾಯಾಲಯ ಆದೇಶಿಸಿದೆ. ಸರ್ಕಾರಿ ನೌಕರನಾದ ಗಂಡ ಚಿಕ್ಕಮಗಳೂರಿಗೆ ವರ್ಗವಾದ ಮೇಲೆ ಹಣ ನಿಲ್ಲಿಸಿದ್ದಾರೆ. ಕಚೇರಿಗೆ ಅರ್ಜಿ ಕೊಟ್ಟರೆ ‘ಅದು ನಿಮ್ಮ ಮನೆ ವಿಷಯ’ ಎನ್ನುತ್ತಾರೆ.
– ಓದುಗರು, ಬೇಲೂರು

ಉತ್ತರ: ನಿಮ್ಮ ಅರ್ಜಿಯ ಮೇಲೆ ಅಧಿಕಾರಿ ಸಂಬಳ ಕಡಿತ ಮಾಡಲಾರರು, ನ್ಯಾಯಾಲಯದ ಜಪ್ತಿ ಆದೇಶ ಬಂದರೆ ಮಾಡದೆ ಇರಲಾರರು. ಆದ್ದರಿಂದ ಕಚೇರಿಗೆ ಅಲೆಯುವುದು ಬಿಡಿ, ಹಾಸನದಲ್ಲೇ ವಸೂಲಿ ಅರ್ಜಿ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 48ರ ಪ್ರಕಾರ ಸಂಬಳ ಬಟವಾಡೆ ಅಧಿಕಾರಿ ಬೇರೆ ಜಿಲ್ಲೆಯಲ್ಲಿದ್ದರೂ ಆದೇಶ ಕಳುಹಿಸಬಹುದು. ಅದನ್ನು ಮೀರಿ ನೌಕರನಿಗೆ ಪೂರ್ತಿ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಸರ್ಕಾರವೇ ಹೊಣೆ. ನಿಮ್ಮ ಆದೇಶ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆಗಿದ್ದರೆ ದಾರಿ ಇನ್ನೂ ಹತ್ತಿರ: ಕಲಂ 20(6)ರಡಿ ಹಣವನ್ನು ನೇರ ನಿಮಗೇ ಕೊಡುವಂತೆ ಮ್ಯಾಜಿಸ್ಟ್ರೇಟರು ಕಚೇರಿಗೆ ಸೂಚಿಸಬಹುದು.

ಅರ್ಜಿಯಲ್ಲಿ ಗಂಡನ ಹುದ್ದೆ, ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ, ಬಟವಾಡೆ ಅಧಿಕಾರಿಯ ಪದನಾಮ, ನಿಮ್ಮ ಬ್ಯಾಂಕ್ ಖಾತೆ ವಿವರ ಇರಲಿ. ‘ಇಲಾಖೆಯ ಮುಖ್ಯಸ್ಥರು’ ಎಂದಷ್ಟೇ ಬರೆದರೆ ಕಾಗದ ಮೇಜಿನಿಂದ ಮೇಜಿಗೆ ಸುತ್ತುತ್ತದೆ.

ಸೊಸೈಟಿ ಸಾಲದ ಕಂತು ಹೋಗಿ ಕೈಗೆ ಏನೂ ಬರುತ್ತಿಲ್ಲ ಎಂಬ ವಾದ ಬಂದೇ ಬರುತ್ತದೆ. ಜೀವನಾಂಶಕ್ಕೆ ಸಂಬಳದ ಮೂರನೇ ಎರಡು ಭಾಗದವರೆಗೆ ಜಪ್ತಿ ಮಾಡಬಹುದು. ವಿನಾಯಿತಿ ಪಡೆದ ಭತ್ಯೆ ಬಿಟ್ಟು ಒಟ್ಟು ಸಂಬಳದ ಮೇಲೆ ಲೆಕ್ಕ, ಕೈಗೆ ಬರುವುದರ ಮೇಲಲ್ಲ. ಆ ಒಟ್ಟು ಸಂಬಳ 42,000 ಇದ್ದರೆ 28,000ದವರೆಗೆ ಅವಕಾಶವಿದೆ.

ಮತ್ತೆ ವರ್ಗವಾದರೆ ಹಳೆಯ ಕಚೇರಿ ಹೊಸ ಕಚೇರಿಗೆ ಕೊಡುವ ಕೊನೆಯ ವೇತನ ಪ್ರಮಾಣಪತ್ರದಲ್ಲಿ ಈ ಕಡಿತ ನಮೂದಾಗಿದೆಯೇ ನೋಡಿ. ಹಣ ನಿಲ್ಲುವುದು ಹೆಚ್ಚಾಗಿ ಅಲ್ಲೇ. ಬಾಕಿಗೆ ತಡಮಾಡಬೇಡಿ: ದಂಡ ಪ್ರಕ್ರಿಯಾ ಸಂಹಿತೆಯ 125 ಅಥವಾ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ರಡಿ ವಸೂಲಿ ವಾರಂಟ್ ಬೇಕಿದ್ದರೆ ಹಣ ಸಲ್ಲಬೇಕಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು.