ಪ್ರತಿಕ್ರಿಯೆ: ರಿಜೆಕ್ಟ್ ಆದ ಪೀಸ್‌ಗಳನ್ನು ಆಪರೇಟರ್‌ಗಳು ಮುಚ್ಚಿಡುತ್ತಿದ್ದಾರೆ, ಏನು ಮಾಡಲಿ?

ಹುಡುಗರು ಪೀಸ್ ಮುಚ್ಚಿಡಲು ಕಾರಣ ಸೋಮಾರಿತನ ಅಲ್ಲ, ಹೆದರಿಕೆ ಅನಿಸುತ್ತದೆ. ಶಿಫ್ಟ್ ಶುರುವಾಗುವಾಗ ಎಲ್ಲರೆದುರು ತಪ್ಪು ಎತ್ತಿ ಹೇಳುತ್ತೇನೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ನಾನು ನೋಡಿಕೊಳ್ಳುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಲೈನಿನಲ್ಲೂ ಹೀಗೇ ಆಗಿತ್ತು. ಹಾಳಾದ ಬುಷ್‌ಗಳು (ಕೊಳವೆಯಂಥ ಸಣ್ಣ ಬಿಡಿಭಾಗಗಳು) ಲೋಹದ ಚೂರು ಬೀಳುವ ಚಿಪ್ ಟ್ರೇಯ ಅಡಿಯಲ್ಲಿ, ಮೆಷಿನ್ ತಂಪಾಗಿಸುವ ಕೂಲೆಂಟ್ ಮೆತ್ತಿಕೊಂಡು ಸಿಗುತ್ತಿದ್ದವು.

ಎಲ್ಲರೆದುರು ಬೈಯುವುದನ್ನು ನಾಳೆಯಿಂದಲೇ ನಿಲ್ಲಿಸಿ. ಹೇಳಲೇಬೇಕಾದರೆ ಪಕ್ಕಕ್ಕೆ ಕರೆದು ಹೇಳಿ. ಆಮೇಲೆ ನಿಮ್ಮದೇ ಒಂದು ತಪ್ಪನ್ನು ಶಿಫ್ಟ್ ಮೀಟಿಂಗಿನಲ್ಲಿ ಒಪ್ಪಿಕೊಳ್ಳಿ. ನಾನು ಮೆಷಿನ್‌ಗೆ ತಪ್ಪು ಆಫ್‌ಸೆಟ್ (ಟೂಲ್‌ನ ಅಳತೆ ಹೊಂದಾಣಿಕೆ) ಕೊಟ್ಟಿದ್ದನ್ನು ಹೇಳಿದ ವಾರವೇ ಒಬ್ಬ ತಾನಾಗಿ ಹಾಳಾದ ಪೀಸ್ ತಂದು ಮೇಜಿನ ಮೇಲಿಟ್ಟ. ಆ ಗಳಿಗೆ ತುಂಬಾ ಮುಖ್ಯ. ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಬನ್ನಿ. ‘ಯಾರು ಮಾಡಿದ್ದು?’ ಅನ್ನಬೇಡಿ, ‘ಎಷ್ಟನೇ ಪೀಸಿನಿಂದ ಅಳತೆ ತಪ್ಪಿತು?’ ಅಂತ ಕೇಳಿ.

ಮೊದಲ ಕೆಲವು ವಾರ ರಿಜೆಕ್ಷನ್ ಲೆಕ್ಕ ಜಾಸ್ತಿ ಕಾಣಬಹುದು. ಗಾಬರಿಯಾಗಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗಲೂ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ಬೆಳಕಿಗೆ ಬಂದಿತ್ತು. ಅಲ್ಲಿ ಹೇಳಿಕೊಳ್ಳಲು ಭಯ ಇರಲಿಲ್ಲ. ಲೆಕ್ಕ ಏರಬಹುದು ಅಂತ ಮ್ಯಾನೇಜರ್‌ಗೆ ಮುಂಚೆಯೇ ತಿಳಿಸಿಡಿ.

ಒಂದು ಅನುಮಾನ: ರಿಜೆಕ್ಷನ್ ಆದರೆ ಇನ್ಸೆಂಟಿವ್ ಕಡಿತ ಇದೆಯಾ? ನೀವು ಬರೆದಿಲ್ಲ. ಇದ್ದರೆ ಬರೀ ಮಾತಿನ ಧಾಟಿ ಬದಲಾದರೆ ಸಾಲದು. ತಾವಾಗಿ ತಂದುಕೊಟ್ಟ ಪೀಸಿಗೆ ಕಡಿತ ಬೇಡ ಅಂತ ಮೊದಲು ಎಚ್‌ಆರ್ ಹತ್ತಿರ ಮಾತಾಡಿ, ಆಮೇಲೆ ಹುಡುಗರಿಗೆ ಹೇಳಿ.